ಮಾವನವರ ಕಣದಲ್ಲಿ ಟೆನಿಸ್

ನನಗೆ ಟೆನಿಸ್ ಕಲಿಸಲು ಒಪ್ಪಿಕೊಂಡವರು ಕುಂದಗೋಳದ ನನ್ನ ಮಾವ, ಅಂದರೆ ಹೆಂಡತಿಯ ತಂದೆ. ನಿವೃತ್ತ ಪಿ.ಟಿ. ಮಾಸ್ತರರು. ಒಂದು ಕಾಲಕ್ಕೆ ಅವರ ಸೀಟಿಯ ಸದ್ದಿಗೆ ಇಡೀ ಶಾಲೆ ನಡುಗುತ್ತಿತ್ತಂತೆ. ಸುಗ್ಗಿ ಮುಗಿದು ಹೊಲದ ಕಣ ಖಾಲಿಯಾದ ಮೇಲೆ ಅಲ್ಲಿ ಸುಣ್ಣದ ಗೆರೆ ಎಳೆದು, ಹಳೆಯ ವಾಲಿಬಾಲ್ ನೆಟ್ಟನ್ನು ಕೆಳಗಿಳಿಸಿ ಕಟ್ಟಿದರೆ ಅದೇ ನಮ್ಮ ಕೋರ್ಟು.

ತೊಂದರೆ ಏನೆಂದರೆ, ನಮ್ಮ ಕಡೆ ಅಳಿಯನನ್ನು ಬೈಯುವಂತಿಲ್ಲ. ನನ್ನ ಫೋರ್‌ಹ್ಯಾಂಡ್ ನೆಟ್ಟಿಗೆ ಬಿದ್ದರೆ ಮಾವ ತಪ್ಪನ್ನು ರಾಕೆಟ್ಟಿನ ತಲೆಗೆ ಕಟ್ಟುತ್ತಿದ್ದರು.

"ನಿಮ್ಮ ಕೈ ಅಗದಿ ಚಲೋ ಐತ್ರಿ, ಅಳಿಯಂದ್ರ. ರಾಕೆಟ್ಟ ಸ್ವಲ್ಪ ತಡಾ ಮಾಡಾಕತ್ತೈತಿ."

ಬ್ಯಾಕ್‌ಹ್ಯಾಂಡ್ ಪಕ್ಕದ ಹತ್ತಿ ಹೊಲಕ್ಕೆ ಹಾರಿದರೆ ಅದು ಗಾಳಿಯ ಕೆಲಸ. ಚೆಂಡು ತಾಗದೇ ಹೋದರೆ ಬಿಸಿಲು ಕಣ್ಣಿಗೆ ಹೊಡೆದಿರುತ್ತಿತ್ತು, ಮೋಡ ಮುಸುಕಿದ ದಿನವೂ.

ನಾನೂ ಮರ್ಯಾದೆಯಲ್ಲಿ ಏನೂ ಕಮ್ಮಿ ಇರಲಿಲ್ಲ. ಹಿರಿಯರನ್ನು ಓಡಿಸುವುದು ಹೇಗೆ ಎಂದು ಪ್ರತಿ ಚೆಂಡನ್ನೂ ಅವರು ನಿಂತಲ್ಲಿಗೇ, ವೀಳ್ಯ ಕೊಟ್ಟಷ್ಟು ಮೆತ್ತಗೆ ಕಳಿಸುತ್ತಿದ್ದೆ. ಬೇಸಿಗೆಗಳು ಕಳೆದವು, ನನ್ನ ಹೊಡೆತ ಮಾತ್ರ ಇದ್ದಲ್ಲೇ ಇತ್ತು. ಆಟ ಬಿಟ್ಟುಬಿಡೋಣ ಎನಿಸಿತು. ಆದರೆ ನಾನು ಬಿಟ್ಟರೆ ಮಾವನಿಗೆ ಬೇರೆ ಜೊತೆಗಾರರಿಲ್ಲ. ಆ ವಯಸ್ಸಿನಲ್ಲಿ ಒಮ್ಮೆ ರಾಕೆಟ್ ಮೂಲೆಗಿಟ್ಟರೆ ಮತ್ತೆ ಎತ್ತಲಿಕ್ಕಿಲ್ಲ ಎಂಬ ಅಳುಕು ನನಗೆ.

ಹೆಂಡತಿಗೆ ಹೇಳಿಕೊಂಡೆ. ಅವಳು ರೊಟ್ಟಿ ಬಡಿಯುತ್ತಲೇ ನಕ್ಕಳು.

"ನೀವಿಬ್ಬರೂ ಎಲ್ಲಿ ಟೆನಿಸ್ ಆಡ್ತೀರಿ? ಬೀಗರ ಉಪಚಾರ ಮಾಡ್ತೀರಿ. ಗಟ್ಟ್ಯಾಗಿ ಹೊಡೀರಿ ಒಮ್ಮೆ. ನಮ್ಮಪ್ಪ ಏನು ಹಪ್ಪಳಲ್ಲ, ಮುರಿಯಾಕ."

ಮರುದಿನ ಬೆಳಿಗ್ಗೆ ಚೆಂಡು ನನ್ನ ಎಡಕ್ಕೆ ಬಂತು. ಕಣ್ಣು ಮುಚ್ಚಿಕೊಳ್ಳದೆ, ಎರಡೂ ಕೈಯಲ್ಲಿ ರಾಕೆಟ್ ಹಿಡಿದು, ಮೈಯೆಲ್ಲ ತಿರುಗಿಸಿ ಬೀಸಿದೆ. ಚೆಂಡು ಮಾವನಿಂದ ದೂರದ ಮೂಲೆಯ ಗೆರೆಗೆ ಬಡಿದು ಸುಣ್ಣದ ಪುಡಿ ಹಾರಿಸಿಕೊಂಡು ಹೋಯಿತು. ಅವರು ನಾಲ್ಕು ಹೆಜ್ಜೆ ಓಡಿ, ಸಿಗದೆ, ನಿಂತುಬಿಟ್ಟರು. ಬೆನ್ನು ನನ್ನ ಕಡೆಗಿತ್ತು. ರಾಕೆಟ್ ಕಂಕುಳಲ್ಲಿಟ್ಟು, ಕೈ ಮುಗಿದುಕೊಂಡೇ ನೆಟ್ಟಿನ ಹತ್ತಿರ ಹೋದೆ.

ಅವರು ತಿರುಗಿದರು. ಮುಖ ಕೆಂಪಾಗಿತ್ತು.

"ಲೇ! ಇಷ್ಟು ದಿನ ಈ ಹೊಡತ ಎಲ್ಲಿ ಮುಚ್ಚಿಟ್ಟಿದ್ದಿ? ನನ್ನ ಏನು ಮುದುಕ ಅನ್ಕೊಂಡೀಯೇನು? ಹಿಂದಕ ಹೋಗು. ಮೊಣಕಾಲು ಬಗ್ಗಸು. ಭುಜ ತಿರುಗಸು. ಫೋರ್‌ಹ್ಯಾಂಡಿಗೆ ಚೆಂಡ ಬಂದ ಮ್ಯಾಲೆ ರಾಕೆಟ್ ಹಿಂದ ಒಯ್ತೀಯಲ್ಲ, ಅಲ್ಲೀತನಕ ಏನು ನಿದ್ದಿ ಮಾಡ್ತೀಯೇನು?"

ವರ್ಷಗಟ್ಟಲೆ ಅವರು ಹೊಟ್ಟೆಯಲ್ಲಿಟ್ಟುಕೊಂಡಿದ್ದ ನನ್ನ ತಪ್ಪುಗಳೆಲ್ಲ ಒಂದೊಂದಾಗಿ ಹೊರಬಂದವು. ಬಿಸಿಲೇರುವ ತನಕ ಬೈದರು. ನಾನು ಓಡಿದೆ, ಅವರೂ ಓಡಿದರು. ಅಷ್ಟು ಖುಷಿ ನನಗೆ ಆ ಮನೆಯಲ್ಲಿ ಹೋಳಿಗೆ ಉಂಡಾಗಲೂ ಆಗಿರಲಿಲ್ಲ. ಕೊನೆಗೊಮ್ಮೆ ನನ್ನ ಫೋರ್‌ಹ್ಯಾಂಡ್ ನೆಟ್ಟಿನ ಮೇಲಿಂದ ಸರಿಯಾಗಿ ಹೋದಾಗ ಅವರು ಹೊಗಳಲಿಲ್ಲ. "ಇನ್ನೊಂದು," ಎಂದರು ಅಷ್ಟೇ.

ಮನೆಗೆ ಬಂದೆವು. ಹೊಸ್ತಿಲ ಹತ್ತಿರ ಅವರು ಬದಿಗೆ ಸರಿದು ನನಗೆ ದಾರಿ ಬಿಟ್ಟರು.

"ಬರ್ರಿ ಅಳಿಯಂದ್ರ, ಕೈಕಾಲು ತೊಳಕೊರ್ರಿ. ಚಾ ತರಾಕ ಹೇಳ್ತೀನಿ."

ಒಳಗೆ ಕಾಲಿಡುವಾಗ ನನಗೆ ಸಣ್ಣಗೆ ನಿರಾಸೆಯಾಯಿತು.