ಗುರುವಾರದ ಥೆಲ್ಮಜ್ಜಿ
ಹೇಗಿದ್ದೀರಿ ಎಂದು ಯಾರೇ ಕೇಳಲಿ, ಥೆಲ್ಮಜ್ಜಿಯ ಉತ್ತರ ಒಂದೇ: "ಗುಂಡುಕಲ್ಲಿನ ಹಾಗಿದ್ದೀನಿ ಕಣಪ್ಪ." ಎಂಬತ್ತರ ಹತ್ತಿರದಲ್ಲೂ ಟಗರನ್ನು ಕೆಡವಿ ಉಣ್ಣೆ ಕತ್ತರಿಸುವ ಗಟ್ಟಿಗಿತ್ತಿ. ಆದರೂ ಆಸ್ಪತ್ರೆಯಿಲ್ಲದ ಆ ದೂರದ ಊರಿಗೆ ಪ್ರತಿ ಗುರುವಾರ ಪುಟ್ಟ ವಿಮಾನದಲ್ಲಿ ಡಾಕ್ಟರು ಬಂದಿಳಿಯುವ ಹೊತ್ತಿಗೆ, ತುಟಿಗೆ ಬಣ್ಣ ಬಳಿದುಕೊಂಡು ಕ್ಲಿನಿಕ್ಕಿನ ಬಾಗಿಲಲ್ಲಿ ಮೊದಲು ನಿಂತಿರುವವಳು ಅವಳೇ. ಒಂದು ವಾರ ಮೊಣಕೈ ತುರಿಕೆ, ಇನ್ನೊಂದು ವಾರ ಆಕಳಿಕೆ ಜಾಸ್ತಿ. ಪಬ್ಬಿನ ಗಂಡಸರು "ಅಜ್ಜಿ, ಈ ವಾರ ಯಾವ ಕಾಯಿಲೆ?" ಎಂದು ಕೆಣಕಿದರೆ, "ನಿನ್ ಮುಖ ನೋಡಿ ನೋಡಿ ಕಣ್ಣುರಿ" ಅನ್ನುತ್ತಾಳೆ. ಹೊಸ ಡಾಕ್ಟರು ಒಮ್ಮೆ ಕೇಳಿಯೇಬಿಟ್ಟರು: "ನಿಮಗೇನೂ ಆಗಿಲ್ಲ ಅಜ್ಜಿ, ಯಾಕೆ ಬರ್ತೀರಿ?" "ಹಿಂದೊಮ್ಮೆ ರೋಗಿಗಳೇ ಇಲ್ಲ ಅಂತ ಈ ವಿಮಾನ ನಿಲ್ಸಿದ್ರು. ಆ ಚಳಿಗಾಲದಲ್ಲೇ ನಮ್ಮೆಜಮಾನ್ರು ಎದೆ ಹಿಡ್ಕೊಂಡು ಹೋಗ್ಬಿಟ್ರು," ಎಂದವಳು ಬಿ.ಪಿ. ಪಟ್ಟಿಗೆ ಇನ್ನೊಂದು ತೋಳನ್ನೂ ಚಾಚಿದಳು.