ಪ್ರಭಾಕರಣ್ಣ ನಿಂತ ಜಾಗ

ಪ್ರಭಾಕರಣ್ಣ, ಆ ಹಿಮದ ಇಳಿಜಾರಿನ ನಡುವೆ ನೀವಾಗಿ ನಿಂತದ್ದಲ್ಲ. ನಿಲ್ಲಿಸಿದವಳು ನಾನು. ಎರಡು ವರ್ಷಗಳಿಂದ ನಿಮಗೆ ಹೇಳುತ್ತ ಬಂದದ್ದು ಸುಳ್ಳು.

ಈದ್ ರಜೆಗೆ ದುಬೈಯಿಂದ ನಾವು ಆರು ಮಂದಿ ಜಾರ್ಜಿಯಾಕ್ಕೆ ಹೋದದ್ದು ನಿಮಗೆ ನೆನಪಿದೆ. ಗೈಡ್ ಹುಡುಗಿ ಎಚ್ಚರಿಸಿದ್ದೂ ನೆನಪಿದೆ — ವಸಂತದ ಹಿಮ ಬೆಳಿಗ್ಗೆ ಕಲ್ಲಿನಂತೆ ಗಟ್ಟಿ, ಬಿಸಿಲೇರಿದರೆ ಒಳಗೆ ನೀರಿಳಿದು ಇಡೀ ಪದರವೇ ಜಾರುತ್ತದೆ. ಒಬ್ಬೊಬ್ಬರಾಗಿ ದಾಟಿ, ನಡುವೆ ಮಾತ್ರ ನಿಲ್ಲಬೇಡಿ. ಆಮೇಲಿನದು ನಿಮಗೆ ನೆನಪಿಲ್ಲ. ತಲೆಗೆ ಬಿದ್ದ ಪೆಟ್ಟು ಆ ಒಂದು ಗಂಟೆಯನ್ನು ಒಯ್ದುಬಿಟ್ಟಿತು. ನನಗದು ಎಷ್ಟು ಅನುಕೂಲವಾಯಿತು!

ಉಳಿದವರು ಗೈಡ್ ಜೊತೆ ದಾಟಿ ಬಂಡೆಯ ಮರೆಗೆ ಹೋಗಿದ್ದರು. ನೀವು ನಡುವೆ, ನಾನು ಈಚೆ ಅಂಚಿನಲ್ಲಿ. ನಿಮ್ಮ ಕೆಂಪು ಜಾಕೆಟ್, ಹಿಂದೆ ಬೆಳ್ಳನೆಯ ಬೆಟ್ಟ — ಹನ್ನೊಂದು ವರ್ಷ ಮರಳನ್ನೇ ನೋಡಿದ ಕಣ್ಣು, ಏನು ಹೇಳಲಿ...

"ಅಣ್ಣಾ, ಒಂದ್ನಿಮಿಷ ಅಲ್ಲೇ ನಿಂತ್ಕೊಳ್ಳಿ! ಈ ಕಡೆ ತಿರುಗಿ, ನಗಿ!"

ನೀವು ನಿಂತಿರಿ. ತಿರುಗಿ ನಕ್ಕಿರಿ. ಇನ್ನೊಂದು, ಇನ್ನೊಂದು ಎಂದು ನಾನು ಫೋಟೋ ತೆಗೆಯುತ್ತಿದ್ದೆ — ಮೇಲಿನಿಂದ ಹಿಮ ಹೊರಟಿತು. ಎದೆಯವರೆಗೆ ಹೂತಿದ್ದ ನಿಮ್ಮನ್ನು ಅಗೆದು ತೆಗೆದಾಗ ಮೊಣಕಾಲು ಮುರಿದಿತ್ತು. ಅವರೇಕೆ ನಿಂತರು ಎಂದು ಗೈಡ್ ಕೇಳಿದಳು. ದಣಿದು ನಿಂತರು ಎಂದೆ. ಆ ಮಾತು ಬಾಯಿಗೆ ಹೇಗೆ ಬಂತು? ಯೋಚಿಸಿ ಹೇಳಿದೆನೇ? ಇಂದಿಗೂ ತಿಳಿಯದು.

ತಿಳಿಯದ್ದು ಅದೊಂದೇ ಅಲ್ಲ. ನಿಲ್ಲದೆ ನಡೆದಿದ್ದರೆ ನೀವು ದಾಟುತ್ತಿದ್ದಿರೇ? ಬಿಸಿಲು ಆಗಲೇ ಏರಿತ್ತು. ಹಿಮ ಹೇಗಿದ್ದರೂ ಜಾರುತ್ತಿತ್ತೋ ಏನೋ — ಹಾಗೆಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತೇನೆ, ಮತ್ತೆ ನಿಮಗೆ ಉಳಿದಿದ್ದ ಹೆಜ್ಜೆಗಳನ್ನು ಎಣಿಸುತ್ತೇನೆ. ಹತ್ತೋ, ಹದಿನೈದೋ... ಫೋಟೋ ನೋಡಿದರೆ ಗೊತ್ತಾಗುತ್ತಿತ್ತು. ಅವನ್ನೆಲ್ಲ ಅಂದೇ ಅಳಿಸಿಬಿಟ್ಟೆ.

ನಮಗೆಲ್ಲ ಬೆಟ್ಟದ ಹುಚ್ಚು ಹಿಡಿಸಿದ್ದೇ ನೀವು. "ವಯಸ್ಸಾಯ್ತಲ್ಲ ಅಣ್ಣ, ಇನ್ನು ಮಾಲ್‌ನಲ್ಲೇ ವಾಕಿಂಗ್" ಎಂದು ವಾಪಸಾದ ಮೇಲೆ ಎಲ್ಲರೂ ನಿಮ್ಮನ್ನು ಗೇಲಿ ಮಾಡಿದಾಗ ನಾನೂ ನಕ್ಕೆ. ಕಾಲು ವಾಸಿಯಾಗಿದೆ ಎಂದು ವೈದ್ಯರೇ ಹೇಳಿದ್ದಾರೆ. ಹೋಗಿರುವುದು ನಿಮಗೆ ನಿಮ್ಮ ಮೇಲಿದ್ದ ನಂಬಿಕೆ. ಅದನ್ನು ಕಸಿದವಳು ನಾನು.

ಕಳೆದ ವಾರ ನಿಮ್ಮ ಅಂಗಡಿಗೆ ಬಂದಾಗ ಮತ್ತೆ ಅದನ್ನೇ ಕೇಳಿದಿರಿ. "ನಾನಲ್ಲಿ ಎಂತಕ್ಕೆ ನಿಂತದ್ದು ಮಾರಾಯ್ತಿ? ನಿಲ್ಲಬಾರದು ಅಂತ ನಂಗೆ ಗೊತ್ತುಂಟಲ್ಲ!"

"ಬಿಡಿ ಅಣ್ಣ, ಖಲಾಸ್" ಎಂದೆ. ನೀವು ಒಳಗೆ ಹೋಗಿ ನಿಮ್ಮ ಚಾರಣದ ಕೋಲುಗಳನ್ನು ತಂದು ನನ್ನ ಕೈಗಿಟ್ಟಿರಿ. "ನೀನಾದ್ರೂ ಹೋಗು ಸುಮ. ನನ್ನ ಮೇಲೆ ನಂಗೇ ಧೈರ್ಯ ಇಲ್ಲ."

ನಾಚಿಕೆಗೆಟ್ಟವಳು, ಅವನ್ನೂ ತೆಗೆದುಕೊಂಡು ಬಂದೆ. ಶನಿವಾರ ವಾಪಸು ತರುತ್ತೇನೆ, ಈ ಕಾಗದವನ್ನು ನಿಮ್ಮೆದುರೇ ಓದುತ್ತೇನೆ. ಆಮೇಲೆ ನನ್ನ ಮುಖ ನೋಡದಿದ್ದರೂ ಸರಿ. ಅಂದು ನೀವು ದಣಿದಿರಲಿಲ್ಲ, ಅಣ್ಣ. ನಮ್ಮೆಲ್ಲರಿಗಿಂತ ಚೆನ್ನಾಗಿ ನಡೆಯುತ್ತಿದ್ದಿರಿ.