ಪೆಟ್ಟಿಗೆಯಲ್ಲಿಟ್ಟ ಕತೆ

ನಮ್ಮ ಅಜ್ಜಿ ಕತೆ ಹೇಳುವಾಗ ಎದುರಿಗೆ ಕೂತವರು ಹೂಂ ಅನ್ನಲೇಬೇಕಿತ್ತು. ಅನ್ನದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ, ಎಲೆಅಡಿಕೆ ಚೀಲ ತಡಕುತ್ತ ಕೂತುಬಿಡುತ್ತಿದ್ದಳು. ‘ಹೂಂ ಅನ್ನೋರಿಲ್ದಿದ್ರೆ ಕತೆ ದಾರಿ ತಪ್ಪಿ ಬೇರೆಯೋರ ಮನೆಗೆ ಹೋಗ್ತೈತೆ’ ಅನ್ನೋಳು. ನಮ್ಮದು ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ಅಜ್ಜಿಯ ಕತೆ ಎರಡರಲ್ಲೂ ಒಂದೊಂದು ಕಾಲಿಟ್ಟು ನಡೆಯುತ್ತಿತ್ತು. ಶಾಲೆಯಲ್ಲಿ ನನಗೆ ಬರೆಯುವುದನ್ನು ಕಲಿಸಿದರು. ಮಾತು ಕಲಿತದ್ದು ಮಾತ್ರ ಆ ಚೀಲದ ಮಗ್ಗುಲಲ್ಲಿ ಕೂತು, ಹೂಂ ಅನ್ನುತ್ತಲೇ.

ನನ್ನ ಹೆಂಡತಿಯ ತವರು ಕೊಂಡ್ಲಹಳ್ಳಿ. ನಮ್ಮ ಹಾಗೆ ಅವರದೂ ಮಗ್ಗದ ಮನೆಯೇ. ಅಲ್ಲಿಯೂ ಇದೇ ಪದ್ಧತಿ ಇತ್ತೆಂದು ಕಾಣುತ್ತದೆ, ಯಾಕೆಂದರೆ ಅವಳು ಫೋನಿಗೂ ಹೂಂ ಅನ್ನುತ್ತಿದ್ದಳು.

ಫೋನು ತಂದದ್ದು ಚಳ್ಳಕೆರೆಯಿಂದ. ಯಾರದೋ ಮದುವೆಗೆ ಹೋದವರು, ಊಟ ಮುಗಿಸಿ ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ನುಗ್ಗಿದ್ದೆವು. ಅಂಗಡಿಯವನು ಮಾತಿಗೆ ಒಳ್ಳೆಯವನು. ಇವಳಿಗೆ ಅದರೊಳಗಿನ ಒಂದೊಂದೇ ಚಿತ್ರ ಒತ್ತಿ ತೋರಿಸಿದ. ‘ಇದು ಕತೆ ಮಾರೋ ಅಂಗಡಿ ಅಮ್ಮ. ಫೋನಿನಾಗೇ ಅಂಗಡಿ. ಒಂದ್ಸಲ ಖರೀದಿ ಮಾಡಿದ್ರೆ ನಿಮ್ದೇ. ಅವರೇ ಓದಿ ಹೇಳ್ತಾರೆ, ನೀವು ಕೆಲಸ ಮಾಡ್ಕಂತ ಕೇಳ್ಬೋದು.’

ಇವಳು ಸೀರೆ ಕೇಳುವ ಹಾಗೆ ಕೇಳಿದಳು: ‘ಉದ್ದ ಎಷ್ಟೈತೆ?’

‘ದಿನಾ ಸ್ವಲ್ಪ ಸ್ವಲ್ಪ ಕೇಳಿದ್ರೆ ಒಂದು ಮಳೆಗಾಲ ಪೂರ್ತಿ ಬರ್ತೈತೆ.’

‘ಹಂಗಾದ್ರೆ ಅದೇ ಇರಲಿ. ತುಂಡು ಬಟ್ಟೆ ನಂಗೆ ಬ್ಯಾಡ.’

ನಮ್ಮ ಮೊಳಕಾಲ್ಮೂರಿನ ಸೀರೆಯ ವಿಷಯ ಒಂಚೂರು ಹೇಳಬೇಕು. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಎರಡನ್ನೂ ನೇಯುತ್ತ ನೇಯುತ್ತಲೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ನಾನು ಮಗ್ಗದ ಗುಂಡಿಯೊಳಗೆ ಕಾಲು ಬಿಟ್ಟು ಕೂತು ಒಡಲಿನ ಲಾಳಿ ಎಸೆದರೆ, ಎಡಗಡೆ ಮಣೆಯ ಮೇಲೆ ಕೂತ ಅವಳು ಅಂಚಿನ ಲಾಳಿ ದಾಟಿಸಬೇಕು. ಒಬ್ಬರು ಎದ್ದರೆ ಇನ್ನೊಬ್ಬರ ಕೈಯೂ ನಿಂತ ಹಾಗೆ. ಹಾಲು ಉಕ್ಕಿತೆಂದು ಅವಳು ಒಳಗೆ ಓಡಿದರೆ, ಅವಳು ಬರುವ ತನಕ ನಾನು ಲಾಳಿ ಹಿಡಿದು ಗೋಡೆ ನೋಡುತ್ತಿರಬೇಕು.

ಕತೆಗೂ ಅದೇ ಕಾನೂನು ಬಂತು. ಫೋನು ಮಗ್ಗದ ಪಕ್ಕದ ಗೋಡೆಗೂಡಿನಲ್ಲಿ ಕೂತು ಹೇಳುತ್ತಿತ್ತು. ಒಬ್ಬರು ಎದ್ದರೆ ಇನ್ನೊಬ್ಬರು ನಿಲ್ಲಿಸಬೇಕು. ‘ನನ್ನ ಬಿಟ್ಟು ಒಂದು ಮಾತು ಮುಂದಕ್ಕೆ ಕೇಳಿದ್ಯೋ, ಇವತ್ತು ಮುದ್ದೆಗೆ ಸಾರಿಲ್ಲ’ ಅನ್ನೋಳು. ನಾನು ಮುಂದಕ್ಕೆ ಕೇಳಲಿಲ್ಲ. ಸಾರಿನ ಭಯ ಅಷ್ಟೇ ಅಲ್ಲ, ಅವಳ ಹೂಂ ಇಲ್ಲದೆ ಅದು ಬರಿಯ ಸದ್ದು ಅನ್ನಿಸುತ್ತಿತ್ತು.

‘ಫೋನಿನಾಗೆ ಓದೋನಿಗೆ ಕೇಳಿಸ್ತೈತೇನೆ ನಿನ್ನ ಹೂಂ?’ ಅಂತ ಒಂದು ದಿನ ಕಾಡಿಸಿದೆ.

‘ಅವನಿಗೆ ಕೇಳಿಸದಿದ್ರೆ ಬಿಡು, ಕತೆಗೆ ಕೇಳಿಸ್ತೈತೆ’ ಅಂದಳು. ಲಾಳಿ ದಾಟಿಸಿದಳು.

ಕತೆ ಒಬ್ಬ ಹೆಂಗಸಿನದು. ಉಪ್ಪು ಮಾರಲು ಹೋದ ಗಂಡ ತಿರುಗಿ ಬಂದಿಲ್ಲ. ಅವಳು ಊರಿಂದೂರಿಗೆ ಹುಡುಕುತ್ತ ಹೋಗುತ್ತಾಳೆ. ಒಂದೊಂದು ಊರಲ್ಲಿ ಒಬ್ಬೊಬ್ಬರು ಅವಳಿಗೆ ತಮ್ಮ ಕತೆ ಹೇಳುತ್ತಾರೆ, ಅವಳು ಕೇಳಿಸಿಕೊಂಡು ಮುಂದಕ್ಕೆ ನಡೆಯುತ್ತಾಳೆ. ನಾವು ಕೊನೆಯ ಸಲ ನಿಲ್ಲಿಸಿದಾಗ ಅವಳು ಗುಡ್ಡದ ಕೆಳಗಿನ ಒಂದು ಒಂಟಿ ಮನೆಗೆ ಬಂದು ಕದ ತಟ್ಟಿದ್ದಳು. ಒಳಗಿಂದ ‘ಯಾರು?’ ಅಂತ ಕೇಳಿತು. ಗಂಡಸಿನ ದನಿಯೋ ಹೆಂಗಸಿನ ದನಿಯೋ ಹೇಳಿರಲಿಲ್ಲ. ನನ್ನ ಹೆಂಡತಿ ‘ತರ್ವಾತ?’ ಅಂದಳು. ಆಮೇಲೇನಾಯಿತು ಅನ್ನಬೇಕಾದಾಗ ಅವಳ ಬಾಯಿಗೆ ತೆಲುಗೇ ಬರುತ್ತಿತ್ತು. ಅಷ್ಟರಲ್ಲಿ ನೀರು ಬಂತು ಅಂತ ಬೀದಿಯಲ್ಲಿ ಕೂಗಿದರು. ಬಿಂದಿಗೆ ತಗೊಂಡು ಎದ್ದಳು. ನಾನು ನಿಲ್ಲಿಸಿದೆ.

ಆ ಸಂಜೆ ಅವಳಿಗೆ ಜ್ವರ ಬಂತು. ಅದು ಇಳಿಯದೆ ಆಸ್ಪತ್ರೆಗೆ ಹೋದೆವು. ನಾನೊಬ್ಬನೇ ವಾಪಸ್ಸು ಬಂದೆ.

ಮಗ್ಗದ ಮೇಲೆ ಸೀರೆ ಅರ್ಧ ಆಗಿತ್ತು. ಸಾವಿನ ಮನೆಯ ಸೀರೆಯನ್ನು ಅರ್ಧಕ್ಕೆ ಕೊಯ್ಯಬಾರದು ಅಂತ ನಮ್ಮ ಬೀದಿಯಲ್ಲಿ ಒಂದು ಮಾತಿದೆ. ಯಾರಾದರೊಬ್ಬರು ಬಂದು ಹೋದವರ ಜಾಗದಲ್ಲಿ ಕೂತು ಮುಗಿಸಿಕೊಡಬೇಕು. ಪಕ್ಕದ ಮನೆಯ ಪೆದ್ದಮ್ಮ ಬಂದರು. ನಮಗೆ ಸಂಬಂಧವೇನಲ್ಲ, ಬೀದಿಗೆಲ್ಲ ಹಿರಿಯರಾದ್ದರಿಂದ ಎಲ್ಲರಿಗೂ ದೊಡ್ಡಮ್ಮ, ತೆಲುಗಿನಲ್ಲಿ ಪೆದ್ದಮ್ಮ. ಕಣ್ಣು ಮಬ್ಬಾಗಿದ್ದರೂ ಬೆರಳಿಗೆ ದಾರಿ ಗೊತ್ತಿತ್ತು. ಮಾತಿಲ್ಲದೆ ಸೆರಗಿನ ತನಕ ನೇಯ್ದೆವು. ಆಮೇಲೆ ನಾನು ಅಂಥ ಸೀರೆ ಮಗ್ಗಕ್ಕೆ ಹಾಕಲಿಲ್ಲ. ಒಬ್ಬರೇ ನೇಯುವ, ಒಂದೇ ಬಣ್ಣದ ಸೀರೆಗೆ ಇಳಿದೆ. ಎಡಗಡೆಯ ಮಣೆ ಅಲ್ಲೇ ಇದೆ, ಅದರ ಮೇಲೆ ಈಗ ಲಾಳಿಗೆ ಹಾಕುವ ನೂಲಿನ ಕಂಡಿಕೆಯ ಬುಟ್ಟಿ ಇಡುತ್ತೇನೆ.

ಸೀರೆಗೆ ಪೆದ್ದಮ್ಮ ಬಂದರು. ಕತೆಗೆ ಯಾರನ್ನು ಕರೆಯಲಿ? ಒಬ್ಬನೇ ಕೇಳಲು ಎರಡು ಮೂರು ಸಲ ಬೆರಳು ಚಾಚಿದೆ. ಕದದ ಒಳಗಿಂದ ಬಂದ ಆ ‘ಯಾರು?’ ನೆನಪಾಗಿ ಬೆರಳು ಹಿಂದಕ್ಕೆ ಬಂತು. ಕೇಳಿಬಿಟ್ಟರೆ ಮುಗಿದುಹೋಗುತ್ತದೆ. ಕೇಳದಿದ್ದರೆ, ಅವಳು ನೀರಿಗೆ ಹೋಗಿದ್ದಾಳೆ, ನಾನು ನಿಲ್ಲಿಸಿ ಕೂತಿದ್ದೇನೆ, ಅಷ್ಟೇ.

ಹಾಗಾಗಿ ಅವಳ ಫೋನಿನಿಂದ ಸಿಮ್ಮು ತೆಗೆದು, ಫೋನನ್ನು ಅವಳ ಮದುವೆಯ ಸೀರೆಯ ಮಡಿಕೆಯೊಳಗಿಟ್ಟು, ಪೆಟ್ಟಿಗೆಗೆ ಹಾಕಿದೆ. ರೇಷ್ಮೆಯವರಿಗೆ ಒಂದು ಅಭ್ಯಾಸ ಇರುತ್ತದೆ. ಸೀರೆಯನ್ನು ಒಂದೇ ಮಡಿಕೆಯಲ್ಲಿ ಬಹಳ ದಿನ ಬಿಟ್ಟರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಆಗಾಗ ಹೊರಗೆ ತೆಗೆದು, ನೆರಳಲ್ಲಿ ಹರವಿ, ಮಡಿಕೆ ಬದಲಿಸಬೇಕು. ನಾನು ಸೀರೆಯ ಮಡಿಕೆ ಬದಲಿಸುವಾಗ ಫೋನಿಗೂ ಚಾರ್ಜು ಹಾಕುತ್ತಿದ್ದೆ. ಪರದೆ ಬೆಳಗಿದರೆ ಕತೆಯ ಚಿತ್ರ ಕಾಣುತ್ತಿತ್ತು: ತಲೆ ಮೇಲೆ ಗಂಟು ಹೊತ್ತ ಹೆಂಗಸು. ಇದ್ದಾಳೆ ಅಂದುಕೊಂಡು ಮತ್ತೆ ಮಡಿಸಿ ಇಡುತ್ತಿದ್ದೆ. ರೇಷ್ಮೆ ಕಾಪಾಡಿ ಗೊತ್ತಿದ್ದವನಿಗೆ ಇದಕ್ಕಿಂತ ಹೆಚ್ಚಿನ ಜೋಪಾನ ಹೊಳೆಯಲಿಲ್ಲ.

ಹೀಗೇ ಕೆಲವು ವರ್ಷ ಕಳೆದವು. ಹೋದ ಬೇಸಿಗೆಯಲ್ಲಿ ಪೆದ್ದಮ್ಮ ನಮ್ಮ ಜಗುಲಿಯಲ್ಲಿ ಕೂತು ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತಿದ್ದರು. ಇದ್ದಕ್ಕಿದ್ದ ಹಾಗೆ ಕೇಳಿದರು: ‘ಏನಪ್ಪಾ, ಆ ಉಪ್ಪಿನವನ ಹೆಂಡ್ತಿ ಕೊನೆಗೆ ಏನಾದ್ಲು?’

ಮಗ್ಗದಲ್ಲಿ ಕೂತಿದ್ದ ನನಗೆ ಎಳೆ ತಪ್ಪಿತು. ‘ನಿಮಗೆ ಹೆಂಗೆ ಗೊತ್ತು?’

‘ನಿನ್ನ ಹೆಂಡ್ತೀನೇ ಹೇಳ್ತಿದ್ಲು. ಅವತ್ತವತ್ತು ಕೇಳಿದ್ದು ಅವತ್ತವತ್ತೇ, ನಲ್ಲಿ ತಾವ. ನಾನು ಹೂಂ ಅಂತಿದ್ದೆ. ಕದ ತಟ್ಟಿದ್ಲು ಅನ್ನೋ ತನಕ ಹೇಳಿ, ಮೈ ಬಿಸಿ ಐತೆ ಪೆದ್ದಮ್ಮಾ ಅಂತ ಬಿಂದಿಗೆ ಎತ್ಕಂಡು ಹೋದ್ಲು. ಇಷ್ಟು ದಿನ ಕೇಳಬಾರ್ದು ಅಂತ ಸುಮ್ಕಿದ್ದೆ. ನಾನೂ ಎಷ್ಟು ದಿನ ಇರ್ತೀನಪ್ಪ.’

‘ನಾನೂ ಕೇಳಿಲ್ಲ. ಫೋನು ಪೆಟ್ಟಿಗೇಲಿ ಐತೆ.’

‘ಪೆಟ್ಟಿಗೇಲಿ ಇಟ್ಕಂಡು ಕೇಳಿಲ್ವಾ? ಬೆಲ್ಲ ಇಟ್ಕಂಡು ಇರುವೆ ಕಾಯ್ದಂಗೆ ಆಯ್ತು.’

ಬೈದದ್ದು ಹೌದು, ಆದರೆ ಆ ಬೈಗುಳಕ್ಕೆ ನನಗೆ ಎಷ್ಟೋ ದಿನದಿಂದ ಇಲ್ಲದ ಧೈರ್ಯ ಬಂತು. ಅವಳ ಜೊತೆ ಹೂಂ ಅಂದವರೊಬ್ಬರು ಇದ್ದಾರೆ. ಇಬ್ಬರೂ ಕೂತು ಕೇಳಿದರೆ ಮಾತು ತಪ್ಪಿದಂತಾಗದು. ಒಳಗೆ ಹೋಗಿ ಸೀರೆಯ ಮಡಿಕೆ ಬಿಚ್ಚಿ ಫೋನು ತಂದೆ. ಗಂಟು ಹೊತ್ತ ಹೆಂಗಸು ಕಂಡಳು. ಒತ್ತಿದೆ. ಒಂದು ಬಿಳಿ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಪೆದ್ದಮ್ಮ ರಾಟೆ ನಿಲ್ಲಿಸಿ, ಕಿವಿ ಕೊಟ್ಟು, ಆಗಲೇ ಒಂದು ಹೂಂ ಅಂದರು.

ಮಾರನೆಯ ದಿನ ಬಸ್ಸು ಹತ್ತಿ ಚಳ್ಳಕೆರೆಗೆ ಹೋದೆ. ಅದೇ ಅಂಗಡಿ, ಅದೇ ಮನುಷ್ಯ, ಗಡ್ಡದಲ್ಲಿ ಮಾತ್ರ ಬಿಳಿ ಬಂದಿತ್ತು. ‘ಆವೋ ಯಜಮಾನ್ರೆ, ಕೂತ್ಕಳ್ರಿ’ ಅಂದ. ತನ್ನ ಫೋನಿನ ಇಂಟರ್‌ನೆಟ್ಟಿಗೆ ಇದನ್ನು ಜೋಡಿಸಿದ. ಇಷ್ಟು ದಿನ ಎಲ್ಲಿ ಕಾದಿದ್ದವೋ, ಟಣ್ ಟಣ್ ಅಂತ ಒಂದರ ಹಿಂದೊಂದು ಸಂದೇಶ ಬಂದವು. ಅವನು ಬೆರಳಿಂದ ಸರಿಸುತ್ತ ಓದಿದ. ಮುಖದ ನಗು ಸಣ್ಣದಾಯಿತು.

‘ಆ ಕತೆ ಅಂಗಡಿ ಬಂದ್ ಆಗೈತೆ ಯಜಮಾನ್ರೆ. ಖಲಾಸ್. ಮುಚ್ತೀವಿ, ಅಷ್ಟರಾಗೆ ಕೇಳಿ ಮುಗಿಸ್ಕಳ್ರಿ ಅಂತ ಎಷ್ಟು ಸಲ ಬರೆದವ್ರೆ ನೋಡ್ರಿ.’

‘ಅಂಗಡಿ ಮುಚ್ಚಲಿ. ನಾವು ಕೊಂಡಿದ್ದು ನಮ್ಮ ತಾವ ಐತಲ್ಲ. ಚಿತ್ರ ಕಾಣ್ತೈತೆ.’

‘ಬರೀ ಚಿತ್ರ ಅದು. ಕತೆ ಈ ಫೋನಿನಾಗೆ ಇರಲೇ ಇಲ್ಲ. ಅವರ ಅಂಗಡೀಲೇ ಇತ್ತು. ನೀವು ಒತ್ತಿದಾಗೆಲ್ಲ ಅಲ್ಲಿಂದ ಹೇಳ್ತಿದ್ರು.’

‘ನಿಮ್ದೇ ಅಂದಿದ್ದೆ ನೀನು.’

‘ನಂಗೂ ಹಂಗೇ ಹೇಳಿದ್ರು ಯಜಮಾನ್ರೆ.’

‘ನಮ್ಮ ಸೀರೆ ಮಾರ್ತಿದ್ದ ಅಂಗಡಿಗಳು ಎಷ್ಟು ಮುಚ್ಚಿದಾವೆ. ಅಂಗಡಿ ಮುಚ್ತು ಅಂತ ಉಟ್ಟೋರ ಮೈಮೇಲಿನ ಸೀರೆ ಮಾಯ ಆಗ್ತೈತೇನೋ?’

ಅವನು ಬೇರೆ ಬೇರೆ ಕಡೆ ಹುಡುಕಿದ. ಕತೆಯ ಹೆಸರು ಬರೆದ, ಓದಿದವನ ಹೆಸರು ಬರೆದ. ಗಿರಾಕಿಗಳು ಬಂದರೆ ಕಾಯಲು ಹೇಳಿದ. ಎಲ್ಲೂ ಸಿಗಲಿಲ್ಲ. ಟೀ ತರಿಸಿದ. ಆಮೇಲೆ ಮೆತ್ತಗೆ, ‘ಈ ಮೆಸೇಜೆಲ್ಲ ಅಳಿಸಿಬಿಡಲಾ?’ ಅಂದ.

ಬೇಡ ಅಂದೆ. ಒಂದೊಂದು ಸಂದೇಶವೂ ಅವಳ ಹೆಸರು ಹಿಡಿದು ಶುರುವಾಗುತ್ತಿತ್ತು. ಈಗ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರಿದ್ದಾರೆ? ಬೇಗ ಕೇಳಿ ಮುಗಿಸು ಅಂತ ಗೊತ್ತಿಲ್ಲದ ಯಾರೋ ಅವಳನ್ನು ಮತ್ತೆ ಮತ್ತೆ ಕರೆದಿದ್ದರು. ನಾನು ಆ ಕರೆಯನ್ನೂ ಅವಳ ಸೀರೆಯ ಜೊತೆಗೇ ಪೆಟ್ಟಿಗೆಯಲ್ಲಿ ಮಡಿಸಿ ಇಟ್ಟಿದ್ದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಎಣ್ಣೆ ಮಿಲ್ಲಿನ ವಾಸನೆ ಊರ ಹೊರಗಿನ ತನಕ ಜೊತೆಗೆ ಬಂತು. ಕೊಂಡ್ಲಹಳ್ಳಿಯ ಹತ್ತಿರ ಹಳೆಯ ಅಭ್ಯಾಸಕ್ಕೆ ಪಕ್ಕದ ಸೀಟಿನ ಕಡೆ ತಿರುಗಿದೆ. ಅವಳ ತವರು ಬಂದಾಗ ಪ್ರತಿ ಸಲವೂ ‘ಇಳಿದುಬಿಡ್ತೀಯಾ?’ ಅಂತ ರೇಗಿಸುತ್ತಿದ್ದೆ. ಸೀಟಿನಲ್ಲಿ ಯಾರದೋ ಶೇಂಗಾಹಿಂಡಿಯ ಚೀಲ ಕೂತಿತ್ತು.

ಪೆದ್ದಮ್ಮ ಜಗುಲಿಯಲ್ಲೇ ಕಾದಿದ್ದರು. ಸಿಗಲಿಲ್ಲ ಅಂದೆ. ಅಂಗಡಿ, ಫೋನು, ಚಿತ್ರ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರಿಗೆ ಅದರಲ್ಲಿ ಅರ್ಥವಾದದ್ದು ಒಂದೇ: ‘ಹೂಂ ಅನ್ನೋರಿಲ್ಲ ಅಂತ ಬೇರೆ ಮನೆಗೆ ಹೋಗೈತೆ ಬಿಡು.’ ನಮ್ಮಜ್ಜಿಯ ಮಾತೇ ಅವರ ಬಾಯಲ್ಲಿ ಬಂತು.

ಮಾರನೆಯ ದಿನ ರಾಟೆ ತಂದಿಟ್ಟುಕೊಂಡು, ‘ಗೊತ್ತಿರೋಷ್ಟು ನೀನೇ ಹೇಳು. ಮೊದಲಿಂದ ಹೇಳು’ ಅಂದರು.

ಹೇಳಿದೆ. ನೇಯುತ್ತ ನೇಯುತ್ತ ಹಲವು ದಿನ ಹೇಳಿದೆ. ಕಿವಿ ಮಂದವಾದ್ದರಿಂದ ಪೆದ್ದಮ್ಮ ಹೂಂ ಅನ್ನಬೇಕಾದ ಕಡೆ ಸುಮ್ಮನಿದ್ದು, ನಾನು ಉಸಿರು ತಗೊಳ್ಳುವಾಗ ಹೂಂ ಅನ್ನುತ್ತಿದ್ದರು. ಉಪ್ಪಿನವನು ಹೋದ, ಹೆಂಡತಿ ಹೊರಟಳು, ಊರುಗಳು ಬಂದವು. ನನ್ನವಳು ಎಲ್ಲಿ ನಕ್ಕಿದ್ದಳೋ ಅಲ್ಲಿಗೆ ಬಂದಾಗ ನನ್ನ ಕೈ ತಾನೇ ನಿಧಾನವಾಗುತ್ತಿತ್ತು. ಕೊನೆಗೆ ಗುಡ್ಡ ಬಂತು, ಒಂಟಿ ಮನೆ ಬಂತು. ಕದ ತಟ್ಟಿದಳು. ಒಳಗಿಂದ ‘ಯಾರು?’ ಅಂತ ಕೇಳಿತು.

‘ಹೂಂ’ ಅಂದರು ಪೆದ್ದಮ್ಮ.

ನಾನು ಅಲ್ಲಿಗೆ ನಿಲ್ಲಿಸಿದೆ.

‘ಹೂಂ, ಆಮೇಲೆ? ನೀನೇ ಒಂದು ಕಟ್ಟಿ ಹೇಳಪ್ಪ. ಇಷ್ಟುದ್ದ ಸೀರೆ ನೇಯೋನಿಗೆ ಒಂದು ಗೇಣು ಕತೆ ನೇಯಕ್ಕೆ ಬರಲ್ವಾ?’

ಬರದೇ ಏನು. ಅಜ್ಜಿಯಿಂದ ಕಲಿತ ಕತೆಗಳೇ ಅಷ್ಟಿವೆ. ಕದ ತೆಗೆಸಬಹುದು, ಗಂಡನನ್ನು ನಿಲ್ಲಿಸಬಹುದು, ಅಥವಾ ಯಾರೋ ಮುದುಕಿಯನ್ನು ಕೂರಿಸಿ ಇನ್ನೂ ಮುಂದಕ್ಕೆ ಕಳಿಸಬಹುದು. ಲಾಳಿ ಕೈಯಲ್ಲಿ ಹಿಡಿದು ಬಾಯಿ ತೆರೆದೆ. ಬಂದ ಮಾತು ಬೇರೆ.

‘ತಾಳ್ರಿ ಪೆದ್ದಮ್ಮಾ, ಅವಳು ಬರಲಿ.’

ರಾಟೆ ನಿಂತಿತು. ನಾನು ಆಡಿದ್ದು ನನಗೆ ಕೇಳಿಸಿತು. ಎಡಗಡೆಯ ಮಣೆಯ ಮೇಲೆ ಕಂಡಿಕೆಯ ಬುಟ್ಟಿ ಇತ್ತು. ಬೀದಿಯಲ್ಲಿ ಯಾರೋ ನೀರು ಬಂತು ಅಂತ ಕೂಗುತ್ತಿದ್ದರು. ಪೆದ್ದಮ್ಮ ನನ್ನ ಕಡೆ ನೋಡಲಿಲ್ಲ. ‘ಹೂಂ’ ಅಂದು, ಮತ್ತೆ ರಾಟೆ ತಿರುಗಿಸಿದರು.